ಪ್ರೆಸ್ ಅಂತ ಬರೆದ ಜಾಕೆಟ್ ಹಾಕಿದರೆ ಸಾಕಾ?

2025ರ ಮೇ 8ರ ರಾತ್ರಿ ತಂಗಿ ಫೋನ್ ಮಾಡಿದಳು. ಆಪರೇಷನ್ ಸಿಂಧೂರ್ ಶುರುವಾಗಿ ಎರಡನೇ ದಿನ. ಅವಳ ಮಗ ಅಂಧೇರಿಯ ಒಂದು ಸುದ್ದಿ ಚಾನೆಲ್‌ನಲ್ಲಿ ಕ್ಯಾಮೆರಾಮನ್. ಬೆಳಿಗ್ಗೆ ದಿಲ್ಲಿಗೆ ಹೊರಡು, ಅಲ್ಲಿಂದ ಕಾರಿನಲ್ಲಿ ಜಮ್ಮು ಕಡೆ ಹೋಗು ಅಂತ ಆಫೀಸಿನಲ್ಲಿ ಹೇಳಿದ್ದರು.

“ಅಣ್ಣಾ, ಎದೆ ಮೇಲೆ ಪ್ರೆಸ್ ಅಂತ ಬರೆದ ಜಾಕೆಟ್ ಹಾಕಿಕೊಂಡರೆ ಹೊಡೆಯೋ ಹಾಗಿಲ್ಲ ಅಲ್ವಾ? ಅದಕ್ಕೆ ಕಾನೂನು ಇದೆ ಅಲ್ವಾ?” ಅಂತ ಕೇಳಿದಳು.

ನಾನು ವಕೀಲ. ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ಕೋರ್ಟಿಗೆ ಹೋಗುವವನು. ಬಾಡಿಗೆ ತಕರಾರು, ಹೌಸಿಂಗ್ ಸೊಸೈಟಿ, ನಮ್ಮ ಊರಿನವರ ಹೋಟೆಲ್ ಲೈಸೆನ್ಸು, ಇಂಥವೇ ನನ್ನ ಕೇಸುಗಳು. ಯುದ್ಧದ ಕಾನೂನು ಓದಿದ್ದು ಎಲ್‌ಎಲ್‌ಬಿ ಪರೀಕ್ಷೆಗೆ, ಅಷ್ಟೇ. ಅವತ್ತು ರಾತ್ರಿ ಕೂತು ಮತ್ತೆ ಓದಿದೆ. ಆಮೇಲೂ ಓದುತ್ತಾ ಬಂದೆ. ಮಾಟುಂಗಾದಲ್ಲಿ ಕಾಫಿಗೆ ಸೇರುವ ಗೆಳೆಯರು ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ. ಅವರಿಗೆ ಬಿಡಿ ಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ತಂಗಿಯ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ಕಾನೂನು ಇದೆ. ಆದರೆ ಅದು ಜಾಕೆಟ್ಟಿಗೆ ಸಿಕ್ಕ ರಕ್ಷಣೆ ಅಲ್ಲ. ಯುದ್ಧದ ಯಾವ ಮುಖ್ಯ ಒಪ್ಪಂದದಲ್ಲೂ ನೀಲಿ ಜಾಕೆಟ್ಟಿನ ಮಾತಿಲ್ಲ. ರೆಡ್ ಕ್ರಾಸ್ ಗುರುತಿಗೆ ಇರುವ ಸ್ಥಾನ ಪ್ರೆಸ್ ಎಂಬ ಪದಕ್ಕೆ ಇಲ್ಲ. ಪತ್ರಕರ್ತನನ್ನು ಕೊಲ್ಲಬಾರದು ಅಂತ ಕಾನೂನು ಹೇಳುವುದು ಅವನು ಪತ್ರಕರ್ತ ಅನ್ನುವ ಕಾರಣಕ್ಕಲ್ಲ. ಅವನು ಹೋರಾಡುತ್ತಿಲ್ಲ ಅನ್ನುವ ಕಾರಣಕ್ಕೆ. ಅದೇ ಊರಿನಲ್ಲಿ ನಲ್ಲಿಯಲ್ಲಿ ನೀರು ಹಿಡಿಯುತ್ತಿರುವ ಹೆಂಗಸಿಗೆ ಏನು ರಕ್ಷಣೆಯೋ ಅದೇ ರಕ್ಷಣೆ ಕ್ಯಾಮೆರಾ ಹಿಡಿದವನಿಗೂ ಇದೆ.

ಇದನ್ನು ಕೇಳಿದ ಕೂಡಲೇ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಇಷ್ಟೇನಾ ಅಂತ. ನನಗೂ ಹಾಗೇ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈಗ ನಾವು ತಿಳಿದಿರುವ ಹಾಗಿನ ಯುದ್ಧ ವರದಿ ಶುರುವಾದದ್ದು 1854ರ ಕ್ರಿಮಿಯಾ ಯುದ್ಧದ ಹೊತ್ತಿಗೆ ಅನ್ನಬಹುದು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವಿಲಿಯಂ ಹೊವಾರ್ಡ್ ರಸೆಲ್ ಅಲ್ಲಿಂದ ಬರೆಯುತ್ತಿದ್ದ. 1857ರ ಬಂಡಾಯದ ವರದಿ ಮಾಡಲು ಮರುವರ್ಷ ನಮ್ಮ ದೇಶಕ್ಕೂ ಬಂದಿದ್ದ. ಆಗ ವರದಿಗಾರ ಸೇನೆಯ ಬಾಲ ಹಿಡಿದು ಹೋಗುತ್ತಿದ್ದ. ಸೇನೆಯ ಊಟ, ಸೇನೆಯ ಡೇರೆ. ಹಾಗಾಗಿ ಕಾನೂನು ಕೂಡ ಅವನನ್ನು ಸೇನೆಯ ಹಿಂಬಾಲಕ ಎಂದೇ ನೋಡಿತು. 1863ರಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುವಾಗ, ಅಲ್ಲಿನ ಸೇನೆಗೆ ಲೀಬರ್ ಸಂಹಿತೆ ಎಂಬ ನಿಯಮಾವಳಿ ಮಾಡಿದರು. ಸೇನೆಯ ಜೊತೆಗಿರುವ ಸಂಪಾದಕರು, ವರದಿಗಾರರು ಸಿಕ್ಕಿಬಿದ್ದರೆ ಯುದ್ಧಕೈದಿಗಳಾಗಿ ಇಟ್ಟುಕೊಳ್ಳಬಹುದು ಎಂದು ಅದರಲ್ಲಿದೆ. 1907ರ ಹೇಗ್ ನಿಯಮಗಳು ವರದಿಗಾರರನ್ನು ಸೇನೆಗೆ ದಿನಸಿ ಮಾರುವವರ ಜೊತೆ, ಗುತ್ತಿಗೆದಾರರ ಜೊತೆ ಒಂದೇ ಸಾಲಿನಲ್ಲಿ ಸೇರಿಸಿದವು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ನಾಲ್ಕು ಜಿನೀವಾ ಒಪ್ಪಂದಗಳು ಬಂದವು. ಮೊದಲಿನದು ನೆಲದ ಮೇಲೆ ಗಾಯಗೊಂಡ ಸೈನಿಕರದು. ಎರಡನೆಯದು ಸಮುದ್ರದ್ದು. ಮೂರನೆಯದು ಯುದ್ಧಕೈದಿಗಳದು. ನಾಲ್ಕನೆಯದು ಸಾಮಾನ್ಯ ನಾಗರಿಕರದು. ಮೂರನೇ ಒಪ್ಪಂದದ 4ನೇ ವಿಧಿಯಲ್ಲಿ ‘ಯುದ್ಧ ವರದಿಗಾರ’ ಎಂಬ ಪದ ಬರುತ್ತದೆ. ಸೇನೆಯ ಸದಸ್ಯನಲ್ಲ, ಆದರೆ ಸೇನೆಯ ಒಪ್ಪಿಗೆ ಪಡೆದು ಅದರ ಜೊತೆ ಹೋಗುವವನು. ಸೇನೆ ಅವನಿಗೆ ಗುರುತಿನ ಚೀಟಿ ಕೊಡಬೇಕು. ಶತ್ರುವಿನ ಕೈಗೆ ಸಿಕ್ಕರೆ ಅವನು ಯುದ್ಧಕೈದಿ.

ಯುದ್ಧಕೈದಿ ಆಗುವುದರಲ್ಲಿ ಒಳ್ಳೆಯದೇನು ಅಂತ ಕೇಳಬಹುದು. ಕಾದಾಟ ಮುಗಿಯುವ ತನಕ ಒಳಗೆ ಇಟ್ಟುಕೊಳ್ಳಬಹುದು, ಅದು ನಿಜ. ಆದರೆ ಅವನನ್ನು ಹೊಡೆಯುವಂತಿಲ್ಲ, ಅವಮಾನ ಮಾಡುವಂತಿಲ್ಲ, ಜನರ ಮುಂದೆ ಮೆರವಣಿಗೆ ಮಾಡುವಂತಿಲ್ಲ. ವಿಚಾರಿಸಿದರೆ ಹೆಸರು, ಹುಟ್ಟಿದ ದಿನ, ಇಂಥ ನಾಲ್ಕು ವಿವರ ಹೇಳಿ ಸುಮ್ಮನಿರಬಹುದು. ಮನೆಗೆ ಪತ್ರ ಬರೆಯಬಹುದು. ಕಾದಾಟ ನಿಂತ ಮೇಲೆ ತಡಮಾಡದೆ ವಾಪಸ್ ಕಳಿಸಬೇಕು. ಸೇನೆಯ ಜೊತೆ ಇದ್ದ ಅನ್ನುವ ಒಂದೇ ಕಾರಣಕ್ಕೆ ಗೂಢಚಾರ ಅಂತ ಹೇಳಿ ಗಲ್ಲಿಗೆ ಹಾಕುವಂತಿಲ್ಲ.

ಆದರೆ 1949ರ ನಂತರ ವರದಿಗಾರಿಕೆಯೇ ಬದಲಾಯಿತು. ಹೆಚ್ಚಿನ ಪತ್ರಕರ್ತರು ಯಾವ ಸೇನೆಯ ಜೊತೆಗೂ ಹೋಗದೆ ತಾವಾಗಿ ಹೋಗತೊಡಗಿದರು. ಬಾಡಿಗೆ ಕಾರು, ಸ್ಥಳೀಯ ಡ್ರೈವರ್, ಊರಿನ ಪರಿಚಯ ಇರುವ ಒಬ್ಬ ಫಿಕ್ಸರ್. ಇವರ ಬಗ್ಗೆ ಕಾನೂನಿನಲ್ಲಿ ಒಂದು ಮಾತೂ ಇರಲಿಲ್ಲ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪತ್ರಕರ್ತರಿಗಾಗಿಯೇ ಒಂದು ಪ್ರತ್ಯೇಕ ಒಪ್ಪಂದ ಮಾಡೋಣ ಎಂದು ಹೊರಟಿತು. ಕರಡುಗಳೂ ತಯಾರಾದವು. ಆದರೆ ಮಾತುಕತೆ ಮುಂದುವರಿದ ಹಾಗೆ ಬೇರೆ ಯೋಚನೆ ಬಂತು. ಒಬ್ಬೊಬ್ಬರಿಗೆ ಒಂದೊಂದು ವಿಶೇಷ ಸ್ಥಾನ ಕೊಡುತ್ತಾ ಹೋದರೆ ಎಲ್ಲರ ರಕ್ಷಣೆಯೂ ತೆಳುವಾಗುತ್ತದೆ. ಎದ್ದು ಕಾಣುವ ಗುರುತು ಹಾಕಿದರೆ ಅದೇ ಗುರಿಯಾಗಬಹುದು, ಪಕ್ಕದಲ್ಲಿರುವವರಿಗೂ ಅಪಾಯ. ಹಾಗಾಗಿ ಪ್ರತ್ಯೇಕ ಒಪ್ಪಂದ ಬರಲೇ ಇಲ್ಲ. ಅದರ ಬದಲು 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲನೇ ಹೆಚ್ಚುವರಿ ಪ್ರೋಟೋಕಾಲ್‌ನಲ್ಲಿ 79ನೇ ವಿಧಿ ಬಂತು.

79ನೇ ವಿಧಿ ಬಹಳ ಚಿಕ್ಕದು. ಯುದ್ಧ ನಡೆಯುವ ಜಾಗದಲ್ಲಿ ಅಪಾಯದ ಕೆಲಸ ಮಾಡುವ ಪತ್ರಕರ್ತರನ್ನು ನಾಗರಿಕರು ಎಂದೇ ಪರಿಗಣಿಸಬೇಕು. ನಾಗರಿಕ ಸ್ಥಾನಕ್ಕೆ ಧಕ್ಕೆ ಬರುವಂಥ ಕೆಲಸ ಅವರು ಮಾಡಬಾರದು. ಬೇಕಾದರೆ ಅವರ ಸರ್ಕಾರದಿಂದ ಗುರುತಿನ ಚೀಟಿ ಪಡೆಯಬಹುದು. ಇಷ್ಟೇ. ಆದರೆ ‘ನಾಗರಿಕ’ ಎಂಬ ಆ ಒಂದು ಪದದ ಹಿಂದೆ ದೊಡ್ಡ ಬಲ ಇದೆ. ನಾಗರಿಕನನ್ನು ಗುರಿ ಮಾಡುವಂತಿಲ್ಲ. ಇವನು ನಾಗರಿಕನೋ ಅಲ್ಲವೋ ಎಂಬ ಅನುಮಾನ ಬಂದರೆ ನಾಗರಿಕ ಎಂದೇ ತಿಳಿಯಬೇಕು. ದಾಳಿಗೆ ಮುಂಚೆ ಪರೀಕ್ಷಿಸಿ ನೋಡಬೇಕು. ಅವನ ಮನೆ, ಆಫೀಸು, ವಾಹನ, ಕ್ಯಾಮೆರಾ ಇವೆಲ್ಲಕ್ಕೂ ಇದೇ ನಿಯಮ. ಪತ್ರಕರ್ತ ಅನ್ನುವವನು ಯಾರು ಅಂತ ವ್ಯಾಖ್ಯಾನ ಹುಡುಕುವ ಕಷ್ಟವೂ ಇಲ್ಲ. ಕಾರ್ಡು ಇಲ್ಲದೆ ಹಳ್ಳಿಯಿಂದ ಸುದ್ದಿ ಕಳಿಸುವ ಸ್ಟ್ರಿಂಗರ್, ಕಾರು ಓಡಿಸುವವನು, ಭಾಷೆ ಅನುವಾದ ಮಾಡಿ ಹೇಳುವವನು, ಎಲ್ಲರೂ ಒಳಗೆ ಬಂದರು. ನನ್ನ ಅಭಿಪ್ರಾಯ ಬದಲಾದದ್ದು ಇಲ್ಲಿ. ವಿಶೇಷ ಕಾರ್ಡು ಇದ್ದವರಿಗೆ ಮಾತ್ರ ರಕ್ಷಣೆ ಎಂದಿದ್ದರೆ ಮೊದಲು ಹೊರಗೆ ಉಳಿಯುತ್ತಿದ್ದವರು ಇವರೇ.

ಈಗ ನಮ್ಮ ದೇಶದ ಮಾತಿಗೆ ಬರೋಣ. ಭಾರತ 1949ರ ನಾಲ್ಕೂ ಒಪ್ಪಂದಗಳನ್ನು 1950ರಲ್ಲೇ ಒಪ್ಪಿಕೊಂಡಿದೆ. ಆದರೆ 1977ರ ಪ್ರೋಟೋಕಾಲ್‌ಗೆ ಸೇರಿಲ್ಲ. ಪಾಕಿಸ್ತಾನ ಸಹಿ ಹಾಕಿದೆ, ಅನುಮೋದನೆ ಕೊಟ್ಟಿಲ್ಲ. ಹಾಗಾದರೆ ನನ್ನ ಅಳಿಯನಿಗೆ 79ನೇ ವಿಧಿಯಿಂದ ಏನೂ ಪ್ರಯೋಜನವಿಲ್ಲವೇ?

ಇದೆ. ಒಪ್ಪಂದಕ್ಕೆ ಸಹಿ ಹಾಕದಿದ್ದರೂ ಎಲ್ಲ ದೇಶಗಳನ್ನೂ ಕಟ್ಟಿಹಾಕುವ ಇನ್ನೊಂದು ಬಗೆಯ ಕಾನೂನಿದೆ. ರೂಢಿಯ ಕಾನೂನು. ನಮ್ಮ ಊರುಗಳಲ್ಲಿ ಗದ್ದೆಗೆ ನೀರು ಬಿಡುವ ಸರದಿ ಹೇಗೆ ಕಾಗದದ ಮೇಲೆ ಇಲ್ಲದಿದ್ದರೂ ಎಲ್ಲರೂ ಪಾಲಿಸಬೇಕಾದದ್ದೋ ಹಾಗೆ. ದೇಶಗಳು ಬಹುಕಾಲ ನಡೆದುಕೊಂಡು ಬಂದದ್ದು, ಹಾಗೆ ನಡೆಯುವುದು ಕರ್ತವ್ಯ ಎಂದು ಒಪ್ಪಿಕೊಂಡದ್ದು ಕಾನೂನೇ ಆಗುತ್ತದೆ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2005ರಲ್ಲಿ ಇಂಥ 161 ನಿಯಮಗಳನ್ನು ಪಟ್ಟಿ ಮಾಡಿತು. ಅದರಲ್ಲಿ 34ನೆಯದು ಪತ್ರಕರ್ತರದು. ಕಾದಾಟದಲ್ಲಿ ನೇರವಾಗಿ ಕೈಹಾಕದ ಪತ್ರಕರ್ತರನ್ನು ಗೌರವಿಸಬೇಕು, ರಕ್ಷಿಸಬೇಕು ಎನ್ನುತ್ತದೆ ಅದು. ಎರಡು ದೇಶಗಳ ನಡುವಿನ ಯುದ್ಧಕ್ಕೂ, ಒಂದೇ ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೂ ಇದು ಅನ್ವಯಿಸುತ್ತದೆ. 2006ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1738ನೇ ನಿರ್ಣಯದಲ್ಲಿ, 2015ರಲ್ಲಿ 2222ನೇ ನಿರ್ಣಯದಲ್ಲಿ ಪತ್ರಕರ್ತರ ರಕ್ಷಣೆಯ ಮಾತನ್ನೇ ಮತ್ತೆ ಒತ್ತಿ ಹೇಳಿತು.

ಯುದ್ಧ ಘೋಷಣೆಯೇ ಆಗಿಲ್ಲವಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಘೋಷಣೆ ಬೇಕಾಗಿಲ್ಲ. ಎರಡು ದೇಶಗಳ ನಡುವೆ ಶಸ್ತ್ರಗಳ ಕಾದಾಟ ನಡೆದರೆ ಸಾಕು, ಜಿನೀವಾ ಒಪ್ಪಂದಗಳು ತಾವಾಗಿ ಜಾರಿಗೆ ಬರುತ್ತವೆ. ಇದು ಯುದ್ಧವಲ್ಲ ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ಆ ಒಪ್ಪಂದಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

ಇನ್ನು ಈ ರಕ್ಷಣೆ ಯಾವಾಗ ಹೋಗುತ್ತದೆ? ಪತ್ರಕರ್ತ ಕಾದಾಟದಲ್ಲಿ ನೇರವಾಗಿ ಭಾಗವಹಿಸಿದಾಗ, ಭಾಗವಹಿಸುವಷ್ಟು ಹೊತ್ತು. ನೇರವಾಗಿ ಅಂದರೇನು ಅನ್ನುವುದರಲ್ಲೇ ಎಲ್ಲ ಜಗಳ. ಬಂದೂಕು ಹಿಡಿದು ಗುಂಡು ಹಾರಿಸಿದರೆ ಅನುಮಾನವೇ ಇಲ್ಲ. ಒಂದು ಕಡೆಯ ಸೇನೆಗೆ ಶತ್ರುವಿನ ಫಿರಂಗಿ ಎಲ್ಲಿದೆ ಅಂತ ಫೋನಿನಲ್ಲಿ ಗುರಿ ಹೇಳಿಕೊಟ್ಟರೂ ರಕ್ಷಣೆ ಹೋಗುತ್ತದೆ. ಆದರೆ ಒಂದು ಪಕ್ಷವನ್ನು ಹೊಗಳಿ ಬರೆದರೆ? ಸುಳ್ಳು ಪ್ರಚಾರ ಮಾಡಿದರೆ? ಶತ್ರು ಸೇನಾಧಿಕಾರಿಯ ಸಂದರ್ಶನ ಮಾಡಿದರೆ? ಇಲ್ಲ, ಇದಾವುದಕ್ಕೂ ಕೊಲ್ಲುವ ಹಕ್ಕು ಹುಟ್ಟುವುದಿಲ್ಲ. ಬರೆದದ್ದು ಕೆಟ್ಟದ್ದಾಗಿರಬಹುದು. ಅದಕ್ಕೆ ಬಾಂಬ್ ಉತ್ತರ ಅಲ್ಲ.

ಇಲ್ಲಿ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 1999ರ ಏಪ್ರಿಲ್ 23ರ ನಡುರಾತ್ರಿ, ಕೊಸೊವೊ ಯುದ್ಧದ ಹೊತ್ತಿನಲ್ಲಿ, ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೋದ ವಿಮಾನಗಳು ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾದ ಸರ್ಕಾರಿ ಟಿವಿ ಕೇಂದ್ರದ ಮೇಲೆ ಬಾಂಬ್ ಹಾಕಿದವು. 16 ಜನ ಸತ್ತರು. ಸುದ್ದಿ ಬರೆಯುತ್ತಿದ್ದವರಲ್ಲ, ರಾತ್ರಿಪಾಳಿಯ ತಂತ್ರಜ್ಞರು, ಕಾವಲುಗಾರರು, ಮೇಕಪ್ ಮಾಡುವವರು. ಅದು ಪ್ರಚಾರದ ಯಂತ್ರ, ಜೊತೆಗೆ ಸೇನೆಯ ಸಂಪರ್ಕ ಜಾಲದ ಭಾಗ ಎಂಬುದು ನ್ಯಾಟೋ ವಾದ. ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿ ವಿಶ್ವಸಂಸ್ಥೆ ಮಾಡಿದ ನ್ಯಾಯಮಂಡಳಿಯ ಪ್ರಾಸಿಕ್ಯೂಟರ್ ನೇಮಿಸಿದ ಸಮಿತಿ ಇದನ್ನು ಪರಿಶೀಲಿಸಿತು. ಪ್ರಚಾರ ನಿಲ್ಲಿಸುವುದು ಒಂದೇ ಉದ್ದೇಶವಾಗಿದ್ದರೆ ದಾಳಿ ಕಾನೂನುಬದ್ಧವೇ ಎಂಬ ಅನುಮಾನವನ್ನು ಅದೇ ಎತ್ತಿತು. ಆದರೂ ತನಿಖೆ ಬೇಡ ಎಂದು 2000ದಲ್ಲಿ ಶಿಫಾರಸು ಮಾಡಿತು. ಕೊನೆಗೆ ಜೈಲಿಗೆ ಹೋದವರು ಬಾಂಬ್ ಹಾಕಿದವರಲ್ಲ. ದಾಳಿಯ ಅಪಾಯ ಇದ್ದರೂ ಸಿಬ್ಬಂದಿಯನ್ನು ಹೊರಗೆ ಕಳಿಸಲಿಲ್ಲ ಎಂಬ ಕಾರಣಕ್ಕೆ ಆ ಟಿವಿ ಕೇಂದ್ರದ ಮುಖ್ಯಸ್ಥನಿಗೆ ಸರ್ಬಿಯಾದ ಕೋರ್ಟು 10 ವರ್ಷ ಶಿಕ್ಷೆ ಕೊಟ್ಟಿತು. ಬಾಂಬ್ ಹಾಕಿದವರನ್ನು ಪ್ರಶ್ನಿಸದೆ ಬಿಟ್ಟದ್ದು ತಪ್ಪು ಅಂತ ನನಗೆ ಅನಿಸುತ್ತದೆ. ಆದರೆ ಸಿಬ್ಬಂದಿಯನ್ನು ಅಪಾಯದಲ್ಲಿ ಕೂರಿಸಿದ ಮೇಲಿನವರಿಗೂ ಹೊಣೆ ಇದೆ ಎಂಬ ಆ ತೀರ್ಪನ್ನು ನಮ್ಮ ಚಾನೆಲ್ ಆಫೀಸುಗಳಲ್ಲಿ ಓದಬೇಕು.

ಇನ್ನೊಂದು ರುವಾಂಡದ್ದು. 1994ರ ನರಮೇಧದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೋ ಟುಟ್ಸಿ ಜನಾಂಗದವರನ್ನು ಜಿರಲೆಗಳು ಎಂದು ಕರೆದು ಕೊಲ್ಲಲು ಹುರಿದುಂಬಿಸುತ್ತಿತ್ತು. ಅದರ ಹಿಂದಿದ್ದವರನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅಪರಾಧಿಗಳು ಎಂದು ತೀರ್ಮಾನಿಸಿತು. ನರಮೇಧಕ್ಕೆ ಪ್ರಚೋದನೆ ಕೊಡುವುದು ಪತ್ರಿಕೋದ್ಯಮ ಅಲ್ಲ, ಅದು ಅಪರಾಧ. ಈ ಎರಡರ ನಡುವಿನ ಗೆರೆ ಎಲ್ಲೆಂದು ಎಲ್ಲ ಸಲ ಸುಲಭವಾಗಿ ಕಾಣುವುದಿಲ್ಲ. ಆದರೆ ಗೆರೆ ಇದೆ.

ಮುಂಬಯಿಯಲ್ಲಿ ಇರುವ ನಮಗೆ ಈ ಮಾತು 26/11ನ್ನು ನೆನಪಿಸುತ್ತದೆ. 2008ರ ನವೆಂಬರ್ 26ರ ರಾತ್ರಿಯಿಂದ 29ರ ಬೆಳಿಗ್ಗೆ ತನಕ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ನಮ್ಮ ಊರಿನ ಎಷ್ಟೋ ಹುಡುಗರು ಕೊಲಾಬಾ, ಫೋರ್ಟ್ ಕಡೆಯ ಹೋಟೆಲುಗಳಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಕಣ್ಣು ತೆಗೆಯಲಾಗಲಿಲ್ಲ. ನಾರಿಮನ್ ಹೌಸ್ ಮಾಳಿಗೆಗೆ ಹೆಲಿಕಾಪ್ಟರಿನಿಂದ ಕಮಾಂಡೋಗಳು ಹಗ್ಗ ಹಿಡಿದು ಇಳಿಯುವುದನ್ನು ನೇರಪ್ರಸಾರದಲ್ಲಿ ನೋಡಿದೆವು. ಪಾಕಿಸ್ತಾನದಲ್ಲಿ ಕೂತು ಭಯೋತ್ಪಾದಕರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರೂ ಅದನ್ನೇ ನೋಡುತ್ತಿದ್ದರು. 2012ರ ಆಗಸ್ಟ್ 29ರಂದು ಕಸಬ್‌ನ ಗಲ್ಲು ಶಿಕ್ಷೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಚಾನೆಲ್‌ಗಳನ್ನು ಕಟುವಾಗಿ ಟೀಕಿಸಿತು. ಆ ಪ್ರಸಾರ ಭದ್ರತಾ ಪಡೆಗಳ ಕೆಲಸವನ್ನು ಕಷ್ಟ ಮಾಡಿತು, ಅವರ ಜೀವಕ್ಕೇ ಅಪಾಯ ತಂದಿತು ಎಂದು ಹೇಳಿತು.

ಆ ಮೂರು ದಿನಗಳಲ್ಲಿ ಒಬ್ಬ ಪತ್ರಕರ್ತೆಯೂ ಸತ್ತರು ಎಂಬುದನ್ನು ಮರೆಯಬಾರದು. ಟೈಮ್ಸ್ ಆಫ್ ಇಂಡಿಯಾದ ಸಬೀನಾ ಸೆಹಗಲ್ ಸೈಕಿಯಾ. ತಾಜ್ ಹೋಟೆಲಿನಲ್ಲಿ ತಂಗಿದ್ದರು.

26/11 ಭಯೋತ್ಪಾದಕ ದಾಳಿ. ಜಿನೀವಾ ಒಪ್ಪಂದದ ಯುದ್ಧ ಅಲ್ಲ. ಆದರೆ ಅದರಿಂದ ಬಂದ ನಿಯಮ ಇವತ್ತಿಗೂ ಇದೆ. 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ಆಯಿತು. ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ನೇರಪ್ರಸಾರ ಮಾಡುವಂತಿಲ್ಲ, ಸರ್ಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಯನ್ನಷ್ಟೇ ತೋರಿಸಬೇಕು ಎಂಬ ನಿಯಮ ಬಂತು. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 26ರಂದು, ಸೇನೆಯ ಚಲನವಲನವನ್ನು ನೇರಪ್ರಸಾರ ಮಾಡಬೇಡಿ ಎಂದು ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಯಲ್ಲೂ 26/11ರ ಉಲ್ಲೇಖ ಇತ್ತು. ನನಗೆ ಈ ನಿಯಮ ಸರಿ ಅನಿಸುತ್ತದೆ. ಹತ್ತು ನಿಮಿಷ ತಡವಾಗಿ ತೋರಿಸಿದರೆ ಸುದ್ದಿ ಹಳಸುವುದಿಲ್ಲ. ಆದರೆ ಒಂದು ವಿಷಯ ಬೇರೆ ಮಾಡಿ ನೋಡಬೇಕು. ಯುದ್ಧದಲ್ಲಿ ಯಾವನೋ ಕ್ಯಾಮೆರಾಮನ್ ಎಚ್ಚರವಿಲ್ಲದೆ ಟ್ಯಾಂಕ್ ತೋರಿಸಿದ ಅಂತಿಟ್ಟುಕೊಳ್ಳಿ. ಅವನು ನಮ್ಮ ದೇಶದ ನಿಯಮ ಮುರಿದಿರಬಹುದು. ಒಂದು ಪಕ್ಷಕ್ಕೆ ಸಹಾಯ ಮಾಡಲೆಂದೇ ಮಾಡಿಲ್ಲದ ತನಕ ಅವನು ನಾಗರಿಕನೇ. ದಂಡ ಹಾಕಬಹುದು. ಗುಂಡು ಹೊಡೆಯುವಂತಿಲ್ಲ.

ದೇಶದೊಳಗಿನ ಕಾನೂನು ಬೇರೆ ರೀತಿಯಲ್ಲೂ ಪತ್ರಕರ್ತನನ್ನು ಕಟ್ಟುತ್ತದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜೀವಂತವಾಗಿದೆ. ನಿಷೇಧಿತ ಸೇನಾ ಜಾಗದ ಫೋಟೋ ತೆಗೆದರೂ ತೊಂದರೆ. ಸಂವಿಧಾನದ 19ನೇ ವಿಧಿ ಕೊಡುವ ಮಾತಿನ ಸ್ವಾತಂತ್ರ್ಯ ಯುದ್ಧ ಶುರುವಾದ ಕೂಡಲೇ ಹೋಗುವುದಿಲ್ಲ. ಯುದ್ಧದ ಕಾರಣಕ್ಕೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸಿದರೆ ಮಾತ್ರ 358ನೇ ವಿಧಿಯ ಪ್ರಕಾರ ಅದು ಅಮಾನತಾಗುತ್ತದೆ. ಯುದ್ಧದ ಹೆಸರಿನಲ್ಲಿ ಹಾಗೆ ಘೋಷಿಸಿದ್ದು 1962ರಲ್ಲಿ ಮತ್ತು 1971ರಲ್ಲಿ. 2025ರ ಮೇನಲ್ಲಿ ಘೋಷಣೆ ಆಗಲಿಲ್ಲ. ನಮ್ಮ ಮಹಾರಾಷ್ಟ್ರದಲ್ಲಿ ಪತ್ರಕರ್ತರ ಮೇಲೆ ಹಲ್ಲೆ ತಡೆಯಲು 2017ರಲ್ಲಿ ಒಂದು ಕಾಯ್ದೆ ಆಯಿತು. ಹಲ್ಲೆ ಮಾಡಿದವರಿಗೆ ಮೂರು ವರ್ಷದ ತನಕ ಜೈಲು, 50,000 ರೂಪಾಯಿ ತನಕ ದಂಡ. ಒಳ್ಳೆಯ ಕಾಯ್ದೆ, ಆದರೆ ರಾಜ್ಯದ ಗಡಿ ದಾಟುವುದಿಲ್ಲ.

ಜಿನೀವಾ ಒಪ್ಪಂದಗಳನ್ನು ನಮ್ಮ ದೇಶದ ಕಾನೂನಾಗಿ ಮಾಡಿದ್ದು 1960ರ ಜಿನೀವಾ ಒಪ್ಪಂದಗಳ ಕಾಯ್ದೆ. ರಕ್ಷಣೆ ಇರುವ ವ್ಯಕ್ತಿಯನ್ನು ಬೇಕೆಂದೇ ಕೊಂದರೆ ಗಲ್ಲು ಅಥವಾ ಜೀವಾವಧಿ ಎಂದು ಅದರಲ್ಲಿದೆ. ಕೊಂದವನು ಯಾವ ದೇಶದವನಾದರೂ, ಎಲ್ಲೇ ಕೊಂದಿದ್ದರೂ ಅನ್ವಯಿಸುತ್ತದೆ. ಓದುವಾಗ ಬಹಳ ಗಟ್ಟಿ ಅನಿಸುತ್ತದೆ. ಆದರೆ 17ನೇ ಸೆಕ್ಷನ್ ನೋಡಿ. ಸರ್ಕಾರ ಅಥವಾ ಸರ್ಕಾರ ಹೇಳಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಕೋರ್ಟು ಕೇಸು ತೆಗೆದುಕೊಳ್ಳಬೇಕು. ಸತ್ತವನ ಅಪ್ಪ ಅಮ್ಮ ಹೋಗಿ ದೂರು ಕೊಡಲು ಬರುವುದಿಲ್ಲ.

ಈ ಕಾಯ್ದೆಯ ಬಲ ಎಷ್ಟು ಎಂಬುದನ್ನು ಸುಪ್ರೀಂ ಕೋರ್ಟು ಹೇಳಿದ್ದು ಗೋವಾದ ಒಂದು ಕೇಸಿನಲ್ಲಿ. 1961ರಲ್ಲಿ ಗೋವಾ ಭಾರತಕ್ಕೆ ಸೇರಿತು. ಮೊಂತೇರೊ ಎಂಬ ಪಾದ್ರಿ ಪೋರ್ಚುಗೀಸ್ ಪೌರತ್ವವನ್ನೇ ಉಳಿಸಿಕೊಂಡರು. ಅನುಮತಿ ಮುಗಿದ ಮೇಲೂ ಗೋವಾದಲ್ಲೇ ಉಳಿದರು, ಶಿಕ್ಷೆಯಾಯಿತು. ತನಗೆ ಜಿನೀವಾ ಒಪ್ಪಂದದ ರಕ್ಷಣೆ ಇದೆ ಎಂದು ವಾದಿಸಿದರು. 1969ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಈ ಕಾಯ್ದೆ ತಪ್ಪು ಮಾಡಿದವರಿಗೆ ಶಿಕ್ಷೆ ಕೊಟ್ಟು ಪರೋಕ್ಷವಾಗಿ ರಕ್ಷಿಸುತ್ತದೆ, ಆದರೆ ಅದೊಂದನ್ನೇ ಹಿಡಿದು ಪರಿಹಾರ ಕೇಳುವ ವಿಶೇಷ ಹಕ್ಕನ್ನು ಯಾರಿಗೂ ಕೊಡುವುದಿಲ್ಲ ಎಂದಿತು. ಪಾದ್ರಿಗೂ ಪತ್ರಕರ್ತನಿಗೂ ಸಂಬಂಧ ಇಲ್ಲ ಅನಿಸಬಹುದು. ಆದರೆ ನಾಳೆ ಒಬ್ಬ ಕ್ಯಾಮೆರಾಮನ್‌ನ ಮನೆಯವರು ಇದೇ ಕಾಯ್ದೆ ಹಿಡಿದು ಕೋರ್ಟಿಗೆ ಹೋದರೆ ಎದುರಾಗುವ ಗೋಡೆ ಇದೇ.

ದಾನಿಶ್ ಸಿದ್ದೀಕಿ ಅವರ ಹೆತ್ತವರಿಗೆ ಆದದ್ದು ನೋಡಿ. ರಾಯ್ಟರ್ಸ್‌ನ ಫೋಟೋಗ್ರಾಫರ್. 2018ರಲ್ಲಿ ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ ತಂಡದ ಜೊತೆ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಪಡೆದವರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಸತ್ತರು. ಅಲ್ಲಿನ ಸರ್ಕಾರದ ವಿಶೇಷ ಪಡೆಯ ಜೊತೆ ಹೋಗಿದ್ದರು. ಪಡೆಯ ಜೊತೆಗಿದ್ದರೂ ಅವರು ನಾಗರಿಕರೇ. ಆದರೆ ಸೈನಿಕರ ಮೇಲೆ ಬಿದ್ದ ಗುಂಡು ಪಕ್ಕದವನಿಗೂ ತಗಲುತ್ತದೆ, ಆ ಅಪಾಯವನ್ನು ಕಾನೂನು ತಡೆಯಲಾರದು. ಆದರೆ ಸೆರೆ ಸಿಕ್ಕ ಮೇಲೆ ಕೊಂದರೆ ಅದು ಯುದ್ಧಾಪರಾಧ, ಯಾವ ನೆಪವೂ ನಡೆಯುವುದಿಲ್ಲ. ಹಿಡಿದು ಹಿಂಸಿಸಿ ಕೊಂದರು ಎಂಬುದು ಹೆತ್ತವರ ಆರೋಪ. ತಾಲಿಬಾನ್ ಅದನ್ನು ಅಲ್ಲಗಳೆದಿದೆ. 2022ರ ಮಾರ್ಚಿನಲ್ಲಿ ಹೆತ್ತವರು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ದೂರು ಕೊಟ್ಟರು. ಭಾರತ ಆ ನ್ಯಾಯಾಲಯದ ಸದಸ್ಯ ಅಲ್ಲ. ಆದರೆ ಅಪರಾಧ ನಡೆದ ಅಫ್ಘಾನಿಸ್ತಾನ ಸದಸ್ಯ. ಹಾಗಾಗಿ ಆ ಬಾಗಿಲು ತಟ್ಟಲು ಬಂತು. ಅದೇ ವರ್ಷ ಮೇನಲ್ಲಿ ದಾನಿಶ್ ಅವರಿಗೆ ಎರಡನೇ ಪುಲಿಟ್ಜರ್ ಬಂತು, ಅವರು ಇಲ್ಲದಾಗ.

ನಿಜವಾದ ತೊಂದರೆ ಇಲ್ಲೇ ಇದೆ. ಕಾನೂನು ಕಮ್ಮಿ ಇಲ್ಲ. ಕಟಕಟೆಗೆ ಬರುವವರು ಕಮ್ಮಿ. 2003ರಲ್ಲಿ ಬಸ್ರಾದ ಹತ್ತಿರ ಬ್ರಿಟನ್ನಿನ ಐಟಿಎನ್ ವರದಿಗಾರ ಟೆರ್ರಿ ಲಾಯ್ಡ್ ಅಮೆರಿಕದ ಸೈನಿಕರ ಗುಂಡಿಗೆ ಸತ್ತರು. ಕಾನೂನುಬಾಹಿರ ಹತ್ಯೆ ಎಂದು 2006ರಲ್ಲಿ ಬ್ರಿಟನ್ನಿನಲ್ಲಿ ನಡೆದ ವಿಚಾರಣೆ ಹೇಳಿತು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. 2007ರಲ್ಲಿ ಬಾಗ್ದಾದಿನಲ್ಲಿ ಅಮೆರಿಕದ ಸೇನಾ ಹೆಲಿಕಾಪ್ಟರಿನಲ್ಲಿದ್ದವರಿಗೆ ರಾಯ್ಟರ್ಸ್‌ನ ನಮೀರ್ ನೂರ್ ಎಲ್ದೀನ್ ಹಿಡಿದಿದ್ದ ಕ್ಯಾಮೆರಾ ರಾಕೆಟ್ ಲಾಂಚರಿನ ಹಾಗೆ ಕಂಡಿತು. ಅವರೂ, ಅವರ ಜೊತೆಗಿದ್ದ ಸಯೀದ್ ಚಮಾಗ್ ಅವರೂ ಸತ್ತರು. 2022ರ ಮೇ 11ರಂದು ಜೆನಿನ್‌ನಲ್ಲಿ ಅಲ್ ಜಝೀರಾದ ಶಿರೀನ್ ಅಬು ಅಕ್ಲೆ ಗುಂಡಿಗೆ ಬಲಿಯಾದಾಗ ಹೆಲ್ಮೆಟ್ ಹಾಕಿದ್ದರು. ನೀಲಿ ಜಾಕೆಟ್ಟಿನ ಮೇಲೆ ಪ್ರೆಸ್ ಅಂತ ದೊಡ್ಡದಾಗಿ ಬರೆದಿತ್ತು. ನ್ಯೂಯಾರ್ಕಿನ ಕಮಿಟಿ ಟು ಪ್ರೊಟೆಕ್ಟ್ ಜರ್ನಲಿಸ್ಟ್ಸ್ ಎಂಬ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಲ್ಲಿ ಕನಿಷ್ಠ 124 ಪತ್ರಕರ್ತರು, ಮಾಧ್ಯಮ ಕೆಲಸಗಾರರು ಸತ್ತರು. ಅದು ಮೂರು ದಶಕಗಳಿಂದ ಲೆಕ್ಕ ಇಡುತ್ತಾ ಬಂದಿದೆ, ಅಲ್ಲಿಯ ತನಕ ಅಷ್ಟು ಜನ ಯಾವ ವರ್ಷವೂ ಸತ್ತಿರಲಿಲ್ಲ. ಅವರಲ್ಲಿ ಜಾಸ್ತಿ ಜನ ಗಾಜಾದವರು. ಹೊರಗಿನ ಪತ್ರಕರ್ತರನ್ನು ಅಲ್ಲಿಗೆ ಸ್ವತಂತ್ರವಾಗಿ ಹೋಗಲು ಇಸ್ರೇಲ್ ಬಿಡಲಿಲ್ಲ. ಹಾಗಾಗಿ ಸತ್ತವರೆಲ್ಲ ಹೆಚ್ಚುಕಮ್ಮಿ ಸ್ಥಳೀಯರೇ. ತಮ್ಮ ಮನೆ ಬೀಳುವುದನ್ನು ತಾವೇ ವರದಿ ಮಾಡಿದವರು.

ಕತ್ತಲೆಯಲ್ಲಿ ಒಂದೆರಡು ದೀಪಗಳೂ ಇವೆ. 2012ರಲ್ಲಿ ಸಿರಿಯಾದ ಹೋಮ್ಸ್‌ನಲ್ಲಿ ಅಮೆರಿಕದ ಯುದ್ಧ ವರದಿಗಾರ್ತಿ ಮೇರಿ ಕೊಲ್ವಿನ್ ಸತ್ತರು. ಬೇಕೆಂದೇ ಗುರಿ ಇಟ್ಟು ಕೊಂದರು ಎಂದು 2019ರಲ್ಲಿ ಅಮೆರಿಕದ ಕೋರ್ಟು ಸಿರಿಯಾ ಸರ್ಕಾರವನ್ನು ಹೊಣೆ ಮಾಡಿ 30 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಯುಗೊಸ್ಲಾವಿಯಾದ ನ್ಯಾಯಮಂಡಳಿ 2002ರಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿತು. ವಾಷಿಂಗ್ಟನ್ ಪೋಸ್ಟ್‌ನ ಜೊನಾಥನ್ ರಾಂಡಲ್ ಒಬ್ಬ ಸರ್ಬ್ ನಾಯಕನನ್ನು ಸಂದರ್ಶಿಸಿದ್ದರು. ಆ ನಾಯಕನ ವಿರುದ್ಧ ಸಾಕ್ಷಿ ಹೇಳಲು ಅವರಿಗೆ ಸಮನ್ಸ್ ಬಂತು. ಅವರು ಒಪ್ಪಲಿಲ್ಲ. ಮೇಲ್ಮನವಿ ಪೀಠ ಅವರ ಪರ ನಿಂತಿತು. ಕೇಸಿನ ಮೂಲ ಪ್ರಶ್ನೆಗೆ ನೇರವಾಗಿ ಬೇಕಾದದ್ದು, ಬೇರೆ ಎಲ್ಲೂ ಸಿಗದೇ ಇರುವಂಥದ್ದು ಆದರೆ ಮಾತ್ರ ಯುದ್ಧ ವರದಿಗಾರನನ್ನು ಸಾಕ್ಷಿಗೆ ಎಳೆಯಬಹುದು ಎಂದಿತು. ಇವತ್ತು ನನ್ನ ಜೊತೆ ಮಾತಾಡಿದವನು ನಾಳೆ ನನ್ನ ವಿರುದ್ಧ ಸಾಕ್ಷಿ ಹೇಳುತ್ತಾನೆ ಎಂದು ಗೊತ್ತಾದರೆ ಯಾರು ಬಾಯಿ ಬಿಡುತ್ತಾರೆ? ವರದಿಗಾರನ ಜೀವಕ್ಕೂ ಅದರಿಂದ ಅಪಾಯ.

ಅವತ್ತು ರಾತ್ರಿ ಅಳಿಯ ಹನ್ನೊಂದೂವರೆಗೆ ಮನೆಗೆ ಬಂದ. ಕೈಯಲ್ಲಿ ಅದೇ ಜಾಕೆಟ್ಟು. ನಾನು ಹಾಕಿಕೋ ಅಂದೆ. ಕಾನೂನಿನಲ್ಲಿ ಅದರ ಹೆಸರಿಲ್ಲದಿದ್ದರೂ ದೂರದಿಂದ ನೋಡುವವನಿಗೆ ಇವನು ಸೈನಿಕನಲ್ಲ ಎಂದು ಅದು ತಿಳಿಸುತ್ತದೆ. ಇಲ್ಲಿ ನಾಗರಿಕ ಇದ್ದಾನೆಂದು ಗೊತ್ತಿರಲಿಲ್ಲ ಎಂದು ಆಮೇಲೆ ಹೇಳುವುದು ಕಷ್ಟವಾಗುತ್ತದೆ. ಸೇನೆಯ ಬಣ್ಣದ ಪ್ಯಾಂಟು ಬ್ಯಾಗಿನಲ್ಲಿತ್ತು, ಅದನ್ನು ತೆಗೆಸಿದೆ. ಜೊತೆಯಲ್ಲಿ ಯಾರೂ ಆಯುಧ ಇಟ್ಟುಕೊಳ್ಳಬಾರದು, ಡ್ರೋನ್ ಹಾರಿಸಬಾರದು, ಸೇನಾ ವಾಹನದ ಬೆನ್ನಿಗೇ ಕಾರು ಓಡಿಸಬಾರದು ಅಂತ ಹೇಳಿದೆ. ರೆಡ್ ಕ್ರಾಸ್ ಸಮಿತಿ 1985ರಿಂದ ಪತ್ರಕರ್ತರಿಗಾಗಿ ಒಂದು ಹಾಟ್‌ಲೈನ್ ನಡೆಸುತ್ತಿದೆ. ಪತ್ರಕರ್ತ ಕಾಣೆಯಾದರೆ, ಸೆರೆಯಾದರೆ, ಗಾಯಗೊಂಡರೆ ಮನೆಯವರೋ ಆಫೀಸಿನವರೋ ಫೋನ್ ಮಾಡಬಹುದು. ಆ ನಂಬರನ್ನು ತಂಗಿಗೂ ಬರೆದು ಕೊಟ್ಟೆ.

“ಮಾವ, ಆಫೀಸಿನಿಂದ ನೇಮಕದ ಪತ್ರ ಕೊಟ್ಟಿಲ್ಲ. ಒಕ್ಕಣೆ ನೀವೇ ಬರೆದುಕೊಡಿ. ಬೆಳಿಗ್ಗೆ ಸಹಿ ಹಾಕಿಸಿಕೊಳ್ಳುತ್ತೇನೆ” ಅಂದ.

ಬರೆದೆ. ಇವನು ಇಂಥ ಸಂಸ್ಥೆಯ ಕ್ಯಾಮೆರಾಮನ್, ಸುದ್ದಿಯ ಕೆಲಸಕ್ಕೆ ಹೋಗುತ್ತಿರುವ ನಾಗರಿಕ, ಯಾವ ಸೇನೆಗೂ ಸೇರಿದವನಲ್ಲ. ಅವನು ಓದಿ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದ.

“ದಿಲ್ಲಿಯಿಂದ ಕಾರು ಓಡಿಸುವವನ ಹೆಸರೂ ಸೇರಿಸಿ ಮಾವ. ಅವನ ಹತ್ತಿರ ಲೈಸೆನ್ಸ್ ಬಿಟ್ಟರೆ ಬೇರೆ ಏನೂ ಇಲ್ಲ.”

ಹೆಸರು ಕೇಳಿಕೊಂಡು ಇನ್ನೆರಡು ಸಾಲು ಟೈಪ್ ಮಾಡಿದೆ.